ಗಂಟುಮೋರೆ ಸಿಸ್ಟರ್ ಮೆಟ್ಟಿಲಿಳಿದು ಓಡಿದ್ದು

ಗಂಟುಮೋರೆ ಸಿಸ್ಟರ್ ಎಂದು ಹೆಸರಿಟ್ಟವರು ನಮ್ಮ ಯಜಮಾನರು. ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ನಾಲಿಗೆ ಮಾತ್ರ ಮೊದಲಿನ ಹಾಗೆಯೇ ಇತ್ತು. "ಇವಳು ನಕ್ಕರೆ ಕೆಲಸದಿಂದ ತೆಗೀತಾರೇನೋ" ಎನ್ನುತ್ತಿದ್ದರು. ಅವಳಿಗೆ ಕೇಳಿಸುತ್ತಿತ್ತು. "ಯಜಮಾನ್ರೇ, ಆ ಕಡೆ ಹೊರಳಿ" ಎನ್ನುತ್ತಿದ್ದಳು, ಅಷ್ಟೆ.

ವಾರ್ಡಿನಲ್ಲಿ ಅವಳ ಜತೆ ಯಾರೂ ಮಾತಾಡುತ್ತಿರಲಿಲ್ಲ. ಕಾರಣ ಆಯಾ ಹೇಳಿದಳು. ಬೆಳಗಿನ ಡ್ಯೂಟಿಯ ಸಿಸ್ಟರ್ ಔಷಧಿ ಕೊಡುವ ಮೊದಲೇ ಎಲ್ಲರ ಚಾರ್ಟಿಗೂ ಸಹಿ ಹಾಕಿಬಿಡುತ್ತಿದ್ದಳಂತೆ. ಇವಳು ಎರಡು ಸಲ ಮುಖಕ್ಕೇ ಹೇಳಿ, ಮೂರನೆಯ ಸಲ ಮೇಲಿನವರಿಗೆ ಹೇಳಿದಳು. ಅಂದಿನಿಂದ ಇವಳು ಊಟಕ್ಕೆ ಕೂತರೆ ಉಳಿದವರು ಡಬ್ಬಿ ಮುಚ್ಚಿ ಏಳುತ್ತಿದ್ದರು. ರೋಗಿಯನ್ನು ಹೊರಳಿಸಲು ಕರೆದರೂ ಬರುತ್ತಿರಲಿಲ್ಲ. ಅದಕ್ಕೇ ನನಗೆ ಕಲಿಸಿದಳು. ಸೊಂಟದಡಿ ಹಾಸಿದ ಬಟ್ಟೆ ಹಿಡಿದು ಎಳೆಯಬೇಕು, ಕೈ ಹಿಡಿದು ಎಳೆಯಬಾರದು. ಎರಡು ತಿಂಗಳು ಮಲಗಿದವರ ಬೆನ್ನಿನಲ್ಲಿ ಒಂದೂ ಹುಣ್ಣಾಗಲಿಲ್ಲ.

ನನಗೂ ಮೊದಲು ಬೆಳಗಿನವಳೇ ಇಷ್ಟ. ನಗುನಗುತ್ತಾ ಮಾತಾಡಿಸುತ್ತಿದ್ದಳು. ಸುಳ್ಳು ಯಾಕೆ ಬರೆಯಲಿ.

ಒಂದು ಮಧ್ಯಾಹ್ನ ಡ್ಯೂಟಿ ಬದಲಾದಾಗ ಗಂಟುಮೋರೆ ಚಾರ್ಟು ನೋಡಿದಳು, ಔಷಧಿ ಡಬ್ಬಿ ನೋಡಿದಳು. ರಕ್ತ ಹೆಪ್ಪುಗಟ್ಟದಿರಲು ಇವರಿಗೆ ದಿನಕ್ಕೊಂದು ಇಂಜೆಕ್ಷನ್ ಇತ್ತು. ಕೊಟ್ಟಾಯಿತೆಂದು ಸಹಿ ಇದೆ. ಆ ದಿನದ ಇಂಜೆಕ್ಷನ್ನೂ ಡಬ್ಬಿಯಲ್ಲೇ ಇದೆ.

"ಅಮ್ಮಾ, ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಚಿದ್ರಾ?"

ನಾನು ಬಟ್ಟೆ ಒಗೆಯಲು ಹೋಗಿದ್ದೆ. ಇವರನ್ನು ಎಬ್ಬಿಸಿ ಕೇಳಿದೆವು. "ದಿನಾ ಚುಚ್ತಾರೆ, ಯಾರಿಗೆ ನೆನಪಿರುತ್ತೆ" ಎಂದರು.

"ವಾರ್ಡಿನ ಸ್ಟಾಕಿನಿಂದ ತೆಗೆದು ಕೊಟ್ಟಿದ್ರೂ ಕೊಟ್ಟಿರಬಹುದು. ಎರಡು ಸಲ ಬಿದ್ರೆ ರಕ್ತ ನಿಲ್ಲಲ್ಲ. ತಪ್ಪಿದ್ರೆ ಹೆಪ್ಪುಗಟ್ಟುತ್ತೆ" ಎಂದವಳೇ ಮೆಟ್ಟಿಲಿಳಿದು ಓಡಿದಳು. ನಾನೂ ಹಿಂದೆ ಓಡಿದೆ.

ಬೆಳಗಿನವಳು ಗೇಟಿನ ಬಳಿ ಗೆಳತಿಯರ ಜತೆ ನಿಂತಿದ್ದಳು. "ಬಂದ್ಯಾ ತಾಯಿ? ಈ ಸಲ ಯಾರ ಹತ್ರ ಚಾಡಿ ಹೇಳ್ತೀಯಾ?" ಎಂದಳು. ಎಲ್ಲರೂ ನಕ್ಕರು.

"ಏನು ಬೇಕಾದ್ರೂ ಅಂದ್ಕೋ. ಏಳನೇ ಮಂಚದವರಿಗೆ ಇಂಜೆಕ್ಷನ್ ಕೊಟ್ಯಾ ಇಲ್ವಾ, ಅಷ್ಟು ಹೇಳು. ಕಾಲು ಬೇಕಾದ್ರೂ ಹಿಡೀತೀನಿ."

ನಗು ನಿಂತಿತು. ಬೆಳಗಿನವಳ ಕಣ್ಣು ನನ್ನ ಮೇಲೆ ಬಿತ್ತು.

"ಇಲ್ಲ ಕಣೇ. ಡಾಕ್ಟ್ರು ಕರೆದ್ರು... ಮರೆತೇಹೋಯ್ತು."

ಗಂಟುಮೋರೆ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಬಾ. ಡಾಕ್ಟ್ರಿಗೆ ನೀನೇ ಹೇಳು. ಆ ಸಹಿ ನೀನೇ ಹೊಡೆದುಹಾಕು. ನಾನು ಪಕ್ಕದಲ್ಲಿರ್ತೀನಿ" ಎಂದಳು. ಇಬ್ಬರೂ ಮೆಟ್ಟಿಲು ಹತ್ತಿದರು. ಡಾಕ್ಟರನ್ನು ಕೇಳಿ ಇಂಜೆಕ್ಷನ್ ಕೊಟ್ಟರು.

ಅವರು ಗೆಳತಿಯರಾಗಲಿಲ್ಲ. ಆದರೆ ಬೆಳಗಿನವಳು ಆಮೇಲೆ ಔಷಧಿ ಕೊಟ್ಟೇ ಸಹಿ ಹಾಕುತ್ತಿದ್ದಳು. ನಾನು ನೋಡುತ್ತಿದ್ದೆ.

ಅದಾಗಿ ಹತ್ತೊಂಬತ್ತು ದಿನ ಕಳೆದು ಶ್ವಾಸಕೋಶಕ್ಕೆ ಸೋಂಕಾಗಿ ಯಜಮಾನರು ಹೋದರು. ಅವರಿಲ್ಲ ಎಂಬ ಸಂಕಟವೇ ನನಗೆ ಬೇಕಾದಷ್ಟಿದೆ. ಯಾರೋ ಮರೆತರು, ಅದಕ್ಕೇ ಹೋದರು ಎಂಬ ಸಂಕಟ ಇಲ್ಲ. ಅದನ್ನು ತಪ್ಪಿಸಿದವಳು ಆ ಗಂಟುಮೋರೆ.