ಹತ್ತೊಂಬತ್ತು ಅಂಕದ ದುಃಖ

ನಮ್ಮ ಬೀದಿಯ ದರ್ಜಿಯಣ್ಣ ಆರು ತಿಂಗಳಿಂದ ಹೆಂಡತಿಯ ಒಂದೇ ನಿಲುವಂಗಿಯನ್ನು ಬಿಚ್ಚಿ ಬಿಚ್ಚಿ, ಅರ್ಧರ್ಧ ಇಂಚು ಒಳಗೆ ಹೊಲಿಯುತ್ತಿದ್ದಾನೆ. ಆಕೆಗೆ ಕ್ಯಾನ್ಸರ್. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣು. ಅದನ್ನು ತೊಳೆದು ಕಟ್ಟಲು ವಾರಕ್ಕೆರಡು ಸಲ ನರ್ಸ್ ಮನೆಗೆ ಬರಬೇಕು. ಕತ್ತರಿ ಹಿಡಿದು ಪಳಗಿದ ಈತನಿಗೆ ಹತ್ತಿ ಹಿಡಿದು ಹುಣ್ಣು ತೊಳೆಯುವುದು ಒಗ್ಗುವುದಿಲ್ಲ.

ಆದರೆ ನರ್ಸ್ ಕಳಿಸುವ ಮುಂಚೆ ಆಸ್ಪತ್ರೆಯವರು ರೋಗಿಯನ್ನು ನೋಡಿಕೊಳ್ಳುವವರ ದುಃಖ ಅಳೆಯುತ್ತಾರಂತೆ! ಹತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ. ಇಪ್ಪತ್ತು ಬಂದರೆ ನರ್ಸ್. ಅಷ್ಟು ನೋಯದಿದ್ದರೆ ಮೂರು ತಿಂಗಳು ಬಿಟ್ಟು ಬನ್ನಿ. ಥೂ, ಹೇಳಲು ಬಾಯಿ ಕಹಿಯಾಗುತ್ತದೆ.

ಮೊದಲ ಸಲ ಮರ್ಯಾದಸ್ಥ ದರ್ಜಿಯಣ್ಣ, "ಊಟ ಸೇರುತ್ತೆ ಮೇಡಂ, ನಿದ್ದೆನೂ ಬರುತ್ತೆ" ಎಂದು ಒಂಬತ್ತು ಅಂಕ ತಂದ. ಎರಡನೇ ಸಲಕ್ಕೆ ಹೆಂಡತಿಯೇ ಪ್ರಶ್ನೆಯ ಹಾಳೆ ಹಿಡಿದು ತಾಲೀಮು ಮಾಡಿಸಿದಳು.

"ಊಟ ಸೇರುತ್ತೇನ್ರೀ?"

"ನಿನ್ನ ಕೈಯಡುಗೆ ಇಲ್ಲದೆ ಎಲ್ಲಿ ಸೇರುತ್ತೆ?"

"ಅಯ್ಯಯ್ಯೋ! ಮೂವತ್ತು ವರ್ಷ ಉಪ್ಪಿಲ್ಲ, ಹುಳಿಯಿಲ್ಲ ಅಂತ ಗೊಣಗಿದವರು ನೀವೇನಾ? ಇರಲಿ, ಹೀಗೇ ಹೇಳಿ."

ಇಬ್ಬರೂ ನಕ್ಕರು. ಹತ್ತನೇ ಪ್ರಶ್ನೆಗೆ ಬಂದಾಗ ಆಕೆ ಹಾಳೆ ಮಡಚಿಟ್ಟಳು. "ಇದಕ್ಕೆ ತಾಲೀಮು ಬೇಡ. 'ಯಾವಾಗಲೂ' ಅಂದ್ಬಿಡಿ."

ಆಸ್ಪತ್ರೆಯಲ್ಲಿ ಗಾಲಿಕುರ್ಚಿಯ ಮೇಲೆ ಆಕೆ, ಪಕ್ಕದ ಸ್ಟೂಲಿನ ಮೇಲೆ ಈತ, ಎದುರಿಗೆ ಕಂಪ್ಯೂಟರಿನಿಂದ ಕಣ್ಣೆತ್ತದ ಮೇಡಂ. ಒಂಬತ್ತು ಪ್ರಶ್ನೆಗೆ ಹತ್ತೊಂಬತ್ತು ಅಂಕ ಬಂತು. ಇನ್ನೊಂದೇ ಬಾಕಿ.

"ರೋಗಿ ತೀರಿಕೊಂಡ ಮೇಲೆ ನನ್ನ ಗತಿಯೇನು ಅಂತ ಎಷ್ಟು ಸಲ ಯೋಚನೆ ಬರುತ್ತೆ?"

"ಹೇಳ್ರೀ," ಹೆಂಡತಿ ಮೊಣಕೈಯಿಂದ ತಿವಿದಳು.

ಆತ ಆಕೆಯ ಭುಜದ ಮೇಲಿನ ತನ್ನದೇ ಹೊಲಿಗೆ ನೋಡಿದ. "ಬರೋದೇ ಇಲ್ಲ ಮೇಡಂ."

ಸೊನ್ನೆ.

"ಒಂದು ಅಂಕ ಕಮ್ಮಿ ಆಯ್ತು. ಮೂರು ತಿಂಗಳು ಬಿಟ್ಟು ಬನ್ನಿ."

ಸಾಯುತ್ತಿರುವವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವಳ ಸಾವಿನ ಬಗ್ಗೆ ಗಂಡನ ಬಾಯಿ ಬಿಡಿಸಲು ಹೊರಟವರಿಗೆ ನಾಚಿಕೆ ಎಂಬುದಿದೆಯೇ? ಬರೀ ರವಿಕೆಗೆ ಅಳತೆ ತೆಗೆಯುವಾಗಲೂ ದರ್ಜಿಯಣ್ಣ ಪರದೆ ಎಳೆಯುತ್ತಾನೆ. ಇವರಿಗೆ ಅಷ್ಟೂ ತೋಚಲಿಲ್ಲ.

ಮನೆಗೆ ಬಂದಮೇಲೆ ಆಕೆ ರೇಗಿದಳು: "ಒಂದೇ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿಮಗೆ?"

"ಹೇಳಿದ್ನಲ್ಲೇ," ಎಂದ ದರ್ಜಿಯಣ್ಣ, ಹತ್ತಿಯನ್ನು ಬಿಸಿನೀರಿಗೆ ಅದ್ದುತ್ತ. "ಸ್ವಲ್ಪ ಆ ಕಡೆ ಹೊರಳು. ನಿಧಾನ."