ಗುಯಿಲಿನ್‌ನಲ್ಲಿ ಮುರಿದ ಎರಡು ಮೆಣಸಿನಕಾಯಿ

ಚೀನಾದ ಗುಯಿಲಿನ್‌ನ ಸಂದಿಯೊಂದರಲ್ಲಿ ದಾರಿ ತಪ್ಪಿ, ಒಣಮೆಣಸಿನಕಾಯಿ ಮಾರುವ ಹೆಂಗಸಿಗೆ ದೋಣಿಯ ಟಿಕೆಟ್ ತೋರಿಸುತ್ತ ನಿಂತಿದ್ದೆ. ದೋಣಿ ಹೊರಡಲು ಅರ್ಧ ತಾಸಷ್ಟೇ ಇತ್ತು. ಅದು ತಪ್ಪಿದರೆ, ನದಿಯ ದಂಡೆಗುಂಟ ನಿಂತ ಆ ಹೆಸರಾದ ಗುಡ್ಡಗಳನ್ನು ನೋಡದೆಯೇ ಮರುದಿನ ಊರಿಗೆ ಹೊರಡಬೇಕು.

ಆಕೆ ಟಿಕೆಟ್ ಓದುತ್ತಿದ್ದಳು. ನನ್ನದು ಬ್ಯಾಡಗಿ ಪೇಟೆಯಲ್ಲಿ ಬೆಳೆದ ಕೈ, ಸುಮ್ಮನಿರುತ್ತದೆಯೇ? ಬುಟ್ಟಿಯಿಂದ ಒಂದು ಕಾಯಿ ಎತ್ತಿ ಮುರಿದೆ, ಬೀಜ ಉದುರಿಸಿದೆ, ಮೂಸಿದೆ. ಮತ್ತೊಂದನ್ನೂ ಮುರಿದೆ. ನಮ್ಮಲ್ಲಿ ರಾಶಿಯ ಮುಂದೆ ನಿಂತವರೆಲ್ಲ ಹೀಗೇ ಮಾಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಆಕೆ ಮಾತ್ರ ಕೂಗಾಡಿದಳು. ನಾನು ಚಾಚಿದ ದುಡ್ಡನ್ನು ತಳ್ಳಿ, ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೊರಟಳು.

“ಅಕ್ಕಾರ, ದಾರಿ ಕೇಳಾಕ ಬಂದಿದ್ರೋ, ಮಾಲು ಖರೀದಿ ಮಾಡಾಕ ಬಂದಿದ್ರೋ? ಈಗ ನೋಡ್ರಿ, ಪೊಲೀಸರ ಕಡೆ ಹೊಂಟಾಳ!” ಎನ್ನುತ್ತ ಪ್ರವಾಸಕ್ಕೆ ಜೊತೆಗೆ ಬಂದಿದ್ದ ನನ್ನ ಮೈದುನನ ಹೆಂಡತಿ, ಹಾವೇರಿಯ ನೆಗೆಣ್ಣಿ ಗಿರಿಜಾ ಹಿಂದೆ ಓಡಿಬಂದಳು.

ಸಂದಿ ತಿರುಗಿದರೆ ನದಿ. ನಮ್ಮ ದೋಣಿ ಇನ್ನೂ ದಂಡೆಯಲ್ಲೇ ಇತ್ತು! ಹೋದ ಜೀವ ಬಂದಂತಾಯಿತು. ಆಕೆ ಕೈ ಬಿಡದೆ ಹಿಡಿದದ್ದು ಯಾಕೆಂದು ಆಗ ಹೊಳೆಯಿತು: ದಾರಿಯುದ್ದಕ್ಕೂ ಮೆಣಸಿನಕಾಯಿ ಅಂಗಡಿಗಳೇ ಇದ್ದವು, ನನ್ನ ಕೈ ಬಿಟ್ಟರೆ ಅಲ್ಲೂ ಮುರಿಯುತ್ತಿದ್ದೆ.

ಋಣ ಉಳಿಸಿಕೊಳ್ಳಬಾರದೆಂದು ಚೀಲದಲ್ಲಿದ್ದ ಶೇಂಗಾ ಚಟ್ನಿಯ ಡಬ್ಬಿ ಆಕೆಯ ಕೈಗಿತ್ತೆ. ಚಿಟಿಕೆ ಬಾಯಿಗೆ ಹಾಕಿಕೊಂಡು ಮೊದಲ ಸಲ ನಕ್ಕಳು.

“ಕಡೀ ಡಬ್ಬಿ ರೀ ಅದು! ನಾಳೆ ರೊಟ್ಟಿಗೆ ಏನ್ ಹಚ್ಕೊಳ್ಳೂನು?” ಎಂದಳು ಗಿರಿಜಾ.

ಎರಡು ಮೆಣಸಿನಕಾಯಿಗೆ ಒಂದು ಡಬ್ಬಿ ಚಟ್ನಿ. ಬ್ಯಾಡಗಿಯಲ್ಲಿ ಇಂಥ ವ್ಯಾಪಾರ ಮಾಡಿದ್ದರೆ ಅಪ್ಪ ನನ್ನನ್ನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ.