ಎರಡು ಮನೆಗೆ ಒಂದು ಗೋಡೆ

ನರ್ಸ್ ಬಾಯಿಯವರ ಅಂಗೈಗಳನ್ನು ಸಿಮೆಂಟು ತಿಂದುಹಾಕಿತ್ತು. ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಬಿರುಕು. ಕೆಲವು ಕಡೆ ಒಳಗಿನ ಕೆಂಪು ಕಾಣುತ್ತಿತ್ತು. ಕೆಲಸ ಮುಗಿದ ಮೇಲೆ ಅವರು ಮೊಣಕೈವರೆಗೆ ಸಾಬೂನು ಹಚ್ಚಿ, ಉಗುರಿನ ಅಡಿ ತಿಕ್ಕಿ ತೊಳೆದು, ಎರಡೂ ಕೈಗಳನ್ನು ಮೇಲೆತ್ತಿ ಹಿಡಿದು ನೀರು ತಾನಾಗಿ ಇಳಿಯಲು ಬಿಡುತ್ತಿದ್ದರು. ಹೆರಿಗೆ ಮಾಡಿಸುವವರು ಕೈ ತೊಳೆಯುವ ರೀತಿ ಅದು. ಆಮೇಲೆ ನೆಲಕ್ಕೆ ಕೂತು ಒಂದೊಂದೇ ಬಿರುಕಿಗೆ ಕುಸುಬಿ ಎಣ್ಣೆ ಹಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ಉತ್ತರ ಬರುತ್ತಿರಲಿಲ್ಲ.

ಅವರು ಜೇವರ್ಗಿ ಕಡೆಯ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು, ನಿವೃತ್ತರಾಗಿ ಆಳಂದಕ್ಕೆ ಬಂದು ನಮ್ಮ ಓಣಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಮದುವೆಯಾಗಿತ್ತೇ, ಗಂಡ ಇದ್ದನೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ. ಒಂದು ದಿನ ನಳದ ಹತ್ತಿರ ನನ್ನ ಕೊಡದ ಕಂಠ ಹಿಡಿದುಕೊಂಡು ಕೇಳಿದರು:

"ರವಿವಾರ ಏನ್ ಮಾಡ್ತಿ?"

"ಬಟ್ಟಿ ಒಗೀತೇನ್ರಿ."

"ಬಟ್ಟಿ ಶನಿವಾರ ಒಗಿ. ರವಿವಾರ ಕಲ್ಲು ಹೊರಾಕ ಬಾ."

ಹೋದೆ. ಅಫಜಲಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ದರ್ಜಿ, ಕಚೇರಿಯ ಇಬ್ಬರು ಕಾರಕೂನರು, ಎಲ್ಲರೂ ಚಾಚಾ ಎನ್ನುತ್ತಿದ್ದ, ಗೋಡೆ ಕಟ್ಟುವ ಗೌಂಡಿ, ನಾನು. ಇಷ್ಟೇ ನಮ್ಮ ತಂಡ. ಕಡಗಂಚಿಯಿಂದ ಒಳಗಿನ ಒಂದು ಹಳ್ಳಿಯಲ್ಲಿ, ಭೂಮಿಯಿಲ್ಲದ ಕೂಲಿಯವರಿಗೆ ಮನೆ ಕಟ್ಟುವುದು ಬಾಯಿಯವರು ಹಚ್ಚಿಕೊಂಡ ಕೆಲಸ. ಆ ಕುಟುಂಬಗಳು ಹಳ್ಳದ ದಂಡೆಯಲ್ಲಿ ತೊಗರಿಕಟ್ಟಿಗೆಗೆ ಮಣ್ಣು ಮೆತ್ತಿದ ಗುಡಿಸಲುಗಳಲ್ಲಿದ್ದವು. ಹಿಂದಿನ ಮಳೆಗಾಲದಲ್ಲಿ ಹಳ್ಳ ಒಳಗೆ ನುಗ್ಗಿ, ಒಂದು ಮನೆಯ ಸೊಸೆಯ ಚೊಚ್ಚಲ ಕೂಸು ನೆನೆದು, ಜ್ವರ ಬಂದು ತೀರಿಕೊಂಡಿತ್ತು. ಆ ಹೆರಿಗೆ ಮಾಡಿಸಿದವರು ಬಾಯಿಯವರೇ.

"ಕೂಸು ಹುಟ್ಟಿಸೋದು ಕಲ್ತೆ. ಹುಟ್ಟಿದ ಕೂಸಿಗಿ ಒಂದು ಒಣಾ ಜಾಗಾ ಮಾಡಿಕೊಡೋದು ಕಲೀಲಿಲ್ಲ," ಎಂದು ಅವರು ಒಮ್ಮೆ ಹೇಳಿದ್ದು ಬಿಟ್ಟರೆ, ಈ ಕೆಲಸ ಯಾಕೆ ಎಂಬುದಕ್ಕೆ ಬೇರೆ ಕಾರಣ ಹೇಳಿದ್ದನ್ನು ನಾನು ಕೇಳಿಲ್ಲ.

ಕಲ್ಲಿನ ಖಣಿಗಳಲ್ಲಿ ಒಡೆದು ಬಿಸಾಡಿದ ಫರಸಿ ಕಲ್ಲಿನ ತುಂಡುಗಳನ್ನು ಬೇಡಿ ತರುತ್ತಿದ್ದೆವು. ಹೊತ್ತು ತಂದದ್ದು ಎಂದೂ ಸಾಲುತ್ತಿರಲಿಲ್ಲ. ಆದ್ದರಿಂದ ಬಾಯಿಯವರು ಒಂದು ನಿರ್ಧಾರ ಮಾಡಿದರು: ಮನೆಗಳು ಬಿಡಿಬಿಡಿಯಾಗಿ ಬೇಡ, ಒಂದೇ ಸಾಲಿನಲ್ಲಿರಲಿ, ಎರಡು ಮನೆಗೆ ನಡುವೆ ಒಂದೇ ಗೋಡೆ ಇರಲಿ. ಉಳಿದ ಕಲ್ಲಿನಲ್ಲಿ ಇನ್ನೊಂದು ಮನೆ ಏಳುತ್ತದೆ.

"ಗಂಡಾ ಹೆಂಡ್ತಿ ಜಗಳಾಡಿದ್ರ ಸಾಲಿಗೆಲ್ಲಾ ಕೇಳ್ತದಲ್ರಿ ಬಾಯಾರ," ಎಂದ ದರ್ಜಿ.

"ಕೇಳಲಿ. ನಾಚಿಕಿ ಬಂದು ದನಿ ತಗ್ಗಿಸಿ ಜಗಳಾಡ್ತಾರ."

ಚಾಚಾ ನಕ್ಕರು. "ನಮ್ಮ ಮನ್ಯಾಗ ಗ್ವಾಡಿ ದಪ್ಪ ಅದ, ಅದಕ್ಕ ನಮ್ಮಾಕಿ ದನಿ ಇಳಿಯಂಗಿಲ್ಲ ನೋಡ್ರಿ."

ಆ ಸಾಲು ಏಳಲು ಎರಡು ಬೇಸಿಗೆ ಹಿಡಿಯಿತು. ದಣಿವಿನ ಬಗ್ಗೆ ಬರೆಯುವುದು ಕಷ್ಟ. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಜಾಗ ತೋರಿಸಿದವರು ಮರುವಾರ ಆ ಜಾಗ ತಮ್ಮದಲ್ಲ ಎನ್ನುತ್ತಿದ್ದರು. ಬರುತ್ತೇನೆಂದವರು ಬರುತ್ತಿರಲಿಲ್ಲ. ಕಟ್ಟಿದ ಗೋಡೆ ವಾಲುತ್ತಿತ್ತು, ಬಿಚ್ಚಿ ಮತ್ತೆ ಕಟ್ಟುತ್ತಿದ್ದೆವು. ಬಾಯಿಯವರು ಬೆನ್ನನ್ನು ಗೋಡೆಗೆ ಕೊಟ್ಟು, "ಸಾಕಾಗೇದ ನೋಡವ್ವ," ಎಂದು ಕಣ್ಣು ಮುಚ್ಚುತ್ತಿದ್ದರು. ನಾನು ಇನ್ನು ಬಿಟ್ಟುಬಿಡುತ್ತಾರೆ ಎಂದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎದ್ದು ಬುಟ್ಟಿ ತಲೆಗಿಡುತ್ತಿದ್ದರು. ಅವರಿಗೆ ಉತ್ಸಾಹ ಬಂದದ್ದನ್ನು ನಾನು ಕಂಡಿಲ್ಲ. ಎದ್ದು ಹೋಗುವುದನ್ನಷ್ಟೇ ಕಂಡಿದ್ದೇನೆ.

ಕುಟುಂಬಗಳು ಹೊಸ ಮನೆಗಳಿಗೆ ಬಂದದ್ದು ಮಳೆಗಾಲಕ್ಕೆ ಸ್ವಲ್ಪ ಮೊದಲು. ಕೂಸನ್ನು ಕಳೆದುಕೊಂಡಿದ್ದ ಆ ಸೊಸೆ ಮತ್ತೆ ಬಸುರಿಯಾಗಿದ್ದಳು, ದಿನ ತುಂಬುತ್ತ ಬಂದಿತ್ತು. ಅವಳಿಗೆ ಸಾಲಿನ ನಡುವಿನ ಮನೆ. ಬಂದು ಹೆಚ್ಚು ದಿನ ಆಗಿರಲಿಲ್ಲ, ಅವಳ ಮಾವ, ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಮುದುಕ, ಆ ಮನೆಯಲ್ಲೇ ತೀರಿಕೊಂಡ.

ಪಂಚಾಂಗ ನೋಡುವ ಅಯ್ಯನವರು ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಇದು ಎಲ್ಲರೂ ಪಾಲಿಸುವ ರೂಢಿ. ಕೆಟ್ಟ ನಕ್ಷತ್ರದಲ್ಲಿ ಸಾವಾದ ಮನೆಯ ಬಾಗಿಲಿಗೆ ಮುಳ್ಳು ಬಡಿದು, ಮನೆಯವರು ಬೇರೆ ಕಡೆ ಇರುತ್ತಾರೆ. ಅಲ್ಲೇ ಇದ್ದರೆ ಮತ್ತೊಬ್ಬರು ಸಾಯುತ್ತಾರೆ ಎಂಬ ಭಯ. ಒಂದು ಮನೆ ಬಿಟ್ಟಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯ ಮುದುಕಿ ಅಂದಳು: "ಗ್ವಾಡಿ ಒಂದೇ ಅಂದ ಮ್ಯಾಲ ಮನಿ ಎಲ್ಲಿ ಎರಡು?" ಅವಳು ಗಂಟುಮೂಟೆ ಹೊರಗಿಟ್ಟಳು. ಅವಳ ಇನ್ನೊಂದು ಬದಿಯ ಗೋಡೆ ಅದರಾಚೆಯವರಿಗೂ ಗೋಡೆ. ಅವರೂ ಹೊರಬಿದ್ದರು. ಹೀಗೆ ಗೋಡೆಯಿಂದ ಗೋಡೆಗೆ ಭಯ ದಾಟಿತು. ನಾವು ರವಿವಾರ ಹೋದಾಗ ಇಡೀ ಸಾಲಿನ ಬಾಗಿಲುಗಳಿಗೆ ಜಾಲಿಮುಳ್ಳು. ಜನ ಹಳ್ಳದ ದಂಡೆಯ ಹಳೆಯ ಗುಡಿಸಲುಗಳಲ್ಲಿದ್ದರು. ಬಸುರಿ ಒಂದು ಗುಡಿಸಲಿನ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತಿದ್ದಳು. ತಟ್ಟಿನ ಅಡಿಯ ನೆಲ ಆಗಲೇ ಹಸಿಯಾಗಿತ್ತು.

ಬಾಯಿಯವರು ಅವಳ ಹೊಟ್ಟೆ ಮುಟ್ಟಿ ನೋಡಿದರು. ಹೊರಬಂದು ಕಲ್ಲಿನ ಮೇಲೆ ಕೂತರು. ಕಾರಕೂನರಲ್ಲಿ ಒಬ್ಬರು ಮೂಢನಂಬಿಕೆ ಎಂದು ಜೋರಾಗಿ ಶುರುಮಾಡಿದಾಗ, "ಬಾಯಿ ಮುಚ್ಚೋ ತಮ್ಮಾ," ಎಂದರು. ಆಮೇಲೆ ಅಯ್ಯನವರನ್ನು ಕರೆಸಿದರು. ಜನ ಸುತ್ತ ನಿಂತರು. ನಾನು ಅವರ ಪಕ್ಕದಲ್ಲೇ ಇದ್ದೆ. ಮಾತು ನಡೆದದ್ದು ಹೀಗೆ.

"ಬಿಟ್ಟ ಮನ್ಯಾಗ ಯಾರರ ಇದ್ರ ಏನಾಗ್ತದ್ರಿ ಅಯ್ಯನವರ?"

"ಇದ್ದವರ ಮ್ಯಾಲ ಬರ್ತದವ್ವ."

"ಇದ್ದವರ ಮ್ಯಾಲ ಬಂದ್ರ, ಗ್ವಾಡಿ ಆಚೀಕಡಿ ಹೋಗ್ತದೇನ್ರಿ?"

ಅಯ್ಯನವರು ತುಸು ಯೋಚಿಸಿದರು. ಒಳ್ಳೆಯ ಮನುಷ್ಯ, ಅವರಿಗೂ ಆ ಬಸುರಿ ಕಾಣುತ್ತಿದ್ದಳು. "ಇಲ್ರಿ. ಇದ್ದವರ ಮ್ಯಾಲ ಬಂದ್ರ ಮುಗೀತು."

"ಹಂಗಾದ್ರ ಆರು ತಿಂಗಳು ನಾ ಇರ್ತೇನಿ. ನನ್ನ ಮ್ಯಾಲ ಬರಲಿ."

ಯಾರೂ ಮಾತನಾಡಲಿಲ್ಲ. ಬಾಯಿಯವರೇ ಹೋಗಿ ಬರಿಗೈಯಿಂದ ನಡುಮನೆಯ ಮುಳ್ಳು ಎಳೆದರು. ಮರುವಾರದ ಹೊತ್ತಿಗೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ತಿರುಗಿ ಬಂದಿದ್ದರು. ಬಸುರಿಯೂ ಅವಳ ಗಂಡನೂ ಆ ಮನೆಗೆ ಬರುವಂತಿರಲಿಲ್ಲ. ಅವರನ್ನು ಪಕ್ಕದ ಮುದುಕಿ ತನ್ನಲ್ಲಿ ಇರಿಸಿಕೊಂಡಳು. ಹೊರಗೆ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಅಲ್ಲಿಯೇ ಹೆರಿಗೆಯಾಯಿತು, ಹೆಣ್ಣು. ಬಾಯಿಯವರು ಬಿರುಕುಬಿಟ್ಟ ಆ ಕೈಗಳನ್ನೇ ಮೊಣಕೈವರೆಗೆ ತೊಳೆದುಕೊಂಡು ಹೆರಿಗೆ ಮಾಡಿಸಿದರು.

ಶನಿವಾರ ಸಂಜೆ ಶಾಲೆ ಮುಗಿಸಿ ನಾನು ಅವರ ಜೊತೆಗೆಂದು ಹೋಗುತ್ತಿದ್ದೆ. ಅವರು ನನ್ನನ್ನು ಒಳಗೆ ಮಲಗಲು ಬಿಡಲಿಲ್ಲ. "ಮುದುಕಿ ಮನ್ಯಾಗ ಮಲಕೋ ಹೋಗಬೇ," ಎನ್ನುತ್ತಿದ್ದರು. ಸೊಳ್ಳೆ, ಜಾಗ ಇಲ್ಲ, ಹೀಗೆ ಏನಾದರೂ ನೆಪ. ಅವರಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಜನರನ್ನು ಒಪ್ಪಿಸಲು ಹೂಡಿದ ಉಪಾಯ ಇದು ಎಂದೇ ನಾನು ತಿಳಿದಿದ್ದೆ. ಒಂದು ಬೆಳಿಗ್ಗೆ ಚಹಾ ಕೊಡಲು ಹೋದೆ. ಅವರು ಹೊಸ್ತಿಲ ಹೊರಗೆ ಕೂತಿದ್ದರು, ಕಣ್ಣು ಕೆಂಪಾಗಿದ್ದವು.

"ಜ್ವರ ಬಂದಾವೇನ್ರಿ?"

"ಇಲ್ಲ. ನಿದ್ದಿ ಹತ್ತಂಗಿಲ್ಲ." ಚಹಾ ಪಕ್ಕಕ್ಕಿಟ್ಟು ಅಂದರು: "ನನಗ ಅಂಜಿಕಿ ಇಲ್ಲಂತ ತಿಳಿದೀಯೇನ? ನಮ್ಮಪ್ಪ ಸತ್ತಾಗ ಹಿಂಗ ನಕ್ಷತ್ರ ಕೆಟ್ಟಿತ್ತು. ಹೋಗಾಕ ನಮಗ ಬ್ಯಾರೆ ಜಾಗಾ ಇರಲಿಲ್ಲ, ಅದ ಮನ್ಯಾಗ ಇದ್ವಿ. ದೀಪಾವಳಿ ಬರೋದ್ರಾಗ ನನ್ನ ತಮ್ಮ ಹೋದ."

"ಅದು ಏನರ ಜಡ್ಡು ಜ್ವರ ಇರಬೇಕ್ರಿ."

"ಇರಬೇಕು. ನರ್ಸ್ ಕಲ್ತ ಮ್ಯಾಲ ನಾನೂ ಹಂಗ ಅಂದ್ಕೊಂಡೆ. ಹಗಲೆಲ್ಲಾ ಹಂಗ ಅಂದ್ಕೋತೇನಿ."

ಆರು ತಿಂಗಳು ತುಂಬಿದ ದಿನ ಅವರು ಮನೆ ಸಾರಿಸಿ, ಚಾಪೆ ಸುತ್ತಿ, ಮನೆಯವರನ್ನು ಒಳಗೆ ಕರೆದು ಆಳಂದದ ಬಸ್ಸು ಹತ್ತಿದರು. ತೂಕ ಇಳಿದಿತ್ತು. ಆಮೇಲೆಯೂ ಬೇರೆ ಹಳ್ಳಿಗಳಲ್ಲಿ ಮನೆ ಕಟ್ಟಿದರು. ಎಷ್ಟೇ ಕಲ್ಲು ಸಾಲದಿದ್ದರೂ ನಡುವೆ ಎರಡೆರಡು ಗೋಡೆ ಎತ್ತಿಸಿದರು.

ತೊಂಬತ್ತರ ದಶಕದಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಗುಲಬರ್ಗಾದ ದವಾಖಾನೆಯಲ್ಲಿ ನಾನು ಜೊತೆಗಿದ್ದೆ. ಅವರು ನನ್ನನ್ನು ಕೇಳಿಕೊಂಡದ್ದು ಒಂದೇ: "ಆ ಸಾಲಿನ ಮಂದಿಗಿ ಹೇಳಬ್ಯಾಡ." ನೋಡಲು ಬಂದರೆ ಆ ಜನರ ಕೂಲಿ ತಪ್ಪುತ್ತದೆ ಎಂದು ಹೀಗೆ ಹೇಳುತ್ತಾರೆ ಅಂದುಕೊಂಡೆ. ಅವರು ತೀರಿಕೊಂಡ ಮೇಲೆ ಮಾತ್ರ ಹೇಳಿಕಳಿಸಿದೆ. ಸಾಲಿಗೆ ಸಾಲೇ ಆಳಂದಕ್ಕೆ ಬಂತು. ಆ ಸೊಸೆ, ಈಗ ತಲೆಯಲ್ಲಿ ಬಿಳಿಕೂದಲು ಕಾಣುತ್ತಿದ್ದವಳು, ಹೆಣದ ಕಾಲ ಹತ್ತಿರ ಕೂತು ಬಹಳ ಹೊತ್ತು ಅಳಲೂ ಇಲ್ಲ.

"ನಮ್ಮ ಮಾವ ಸತ್ತ ನಕ್ಷತ್ರದ್ದ್ರಿ ಇದು," ಎಂದಳು ಕೊನೆಗೆ. "ತಡಾ ಮಾಡಿ ಬಂತ್ರಿ ಅಕ್ಕೋರ."

ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ವಯಸ್ಸಾಗಿತ್ತು ಎಂದೆ. ಎಷ್ಟು ವರ್ಷಗಳಾಗಿಹೋದವು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನೀವು ಹೇಳೋದು ಖರೇನೇ ಇರಬೇಕ್ರಿ. ಆದ್ರ ಅವತ್ತು ನನ್ನ ಮ್ಯಾಲ ಬರಲಿ ಅಂದ್ರು. ನಾವ್ಯಾರೂ ಬ್ಯಾಡ ಅನ್ಲಿಲ್ಲ."

ದವಾಖಾನೆಯಲ್ಲಿ ಬಾಯಿಯವರು ಯಾಕೆ ಹೇಳಬೇಡ ಎಂದಿದ್ದರೆಂಬುದು ಆಗ ತಿಳಿಯಿತು. ಅವಳು ಹಿಂದೆ ತಿರುಗಿ, ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕರೆದಳು. ಆ ಮಳೆಗಾಲದಲ್ಲಿ ಮುದುಕಿಯ ಮನೆಯಲ್ಲಿ ಹುಟ್ಟಿದ್ದ ಹುಡುಗಿ, ಈಗ ಎರಡು ಜಡೆ.

"ಪಾದಾ ಮುಟ್ಟಬೇ. ಅಂಜಬ್ಯಾಡ."

ಹುಡುಗಿ ಬಾಗಿದಳು. ನಾನು ಬಾಯಿಯವರ ಕಾಲ ಮೇಲಿನ ಚಾದರ ಸರಿಸಿಕೊಟ್ಟೆ.